ಅಟ್ಟದ ಮೇಲಿನ ಬಿಳಿ ಚಹಾ

ಯಾರು ಏನೇ ಅಂದರೂ ಮೇಸ್ತ್ರಿ ತಡೆದುಕೊಳ್ಳುತ್ತಿದ್ದ. ಹೆಂಡತಿ ಚಹಾ ಕುಡಿದು ‘ಚೆನ್ನಾಗಿದೆ’ ಅನ್ನುವುದೊಂದನ್ನು ಮಾತ್ರ ಅವನಿಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ.

ಕೇಳಿದವರಿಗೆ ವಿಚಿತ್ರ ಅನ್ನಿಸಬಹುದು. ಹೆಂಡತಿ ಚೆನ್ನಾಗಿದೆ ಅಂದರೆ ಬೇರೆ ಗಂಡಸರು ಮೀಸೆ ತಿರುವಿಕೊಂಡು ಓಡಾಡುತ್ತಾರೆ. ಆದರೆ ಇವಳು ಹಾಗೆ ಸಲೀಸಾಗಿ ಹೊಗಳುವ ಹೆಂಗಸಲ್ಲ. ಮದುವೆಯಾದ ಲಾಗಾಯ್ತಿನಿಂದ ಗಂಡ ತಾನು ಮೇಸ್ತ್ರಿಯಾಗಿರುವ ಚಹಾ ಕಾರ್ಖಾನೆಯಿಂದ ತಂದ ಚಹಾಕ್ಕೆ ಒಂದಲ್ಲ ಒಂದು ಕೊಂಕು ತೆಗೆದೇ ಕುಡಿದವಳು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ಬೇರೆಯವರ ಮಕ್ಕಳ ಶಾಲೆಯ ಅಂಗಿ ಹೊಲಿಯುವ ಹೆಂಗಸು. ಕಾರ್ಖಾನೆಯ ಒಳಗೆ ಕಾಲಿಟ್ಟವಳೇ ಅಲ್ಲ. ಆದರೂ ಒಂದು ಗುಟುಕು ಕುಡಿದು ಸೂಜಿಯನ್ನು ಕೈಗೆ ತೆಗೆದುಕೊಂಡು, "ಇವತ್ತು ಸೊಪ್ಪು ಸರಿಯಾಗಿ ಬಾಡಿಲ್ಲ ಕಣ್ರೀ, ಹಸಿ ಹಸಿ ಇದೆ" ಅನ್ನುತ್ತಿದ್ದಳು. ಇಲ್ಲದಿದ್ದರೆ, "ಯಾರೋ ಒಲೆ ಹತ್ತಿರ ನಿದ್ದೆ ಮಾಡಿದ್ದಾರೆ, ಸೀದ ವಾಸನೆ" ಅನ್ನುತ್ತಿದ್ದಳು. ಮೇಸ್ತ್ರಿ ಉರಿದು ಬೀಳುತ್ತಿದ್ದ. ಮಾರನೆಯ ದಿನ ಹೋಗಿ ವಿಚಾರಿಸಿದರೆ ಯಾರೋ ನಿಜವಾಗಿಯೂ ನಿದ್ದೆ ಮಾಡಿರುತ್ತಿದ್ದರು. ಮತ್ತೆ ಉರಿದು ಬೀಳುತ್ತಿದ್ದ.

ಆಮೇಲೆ ಅವಳಿಗೆ ಒಂದು ಜ್ವರ ಬಂತು. ಜ್ವರ ಬಿಟ್ಟಿತು, ಹೋಗುವಾಗ ಮೂಗಿನೊಳಗಿದ್ದುದನ್ನೆಲ್ಲ ಗುಡಿಸಿಕೊಂಡು ಹೋಯಿತು. ಸಾಬೂನಿಗೂ ವಾಸನೆಯಿಲ್ಲ, ಸುಟ್ಟ ಬ್ರೆಡ್ಡಿಗೂ ಇಲ್ಲ, ಗಂಡನ ಅಂಗಿಗೂ ಇಲ್ಲ. "ಬಂದರೂ ಬರಬಹುದು, ಬರದೆಯೂ ಇರಬಹುದು" ಅಂದ ಡಾಕ್ಟರು ಕೈ ತೊಳೆದುಕೊಂಡರು. ಅವತ್ತಿನಿಂದ ಚಹಾ ಕೊಟ್ಟರೆ ಅವಳು ನಗುತ್ತ ಇಸಿದುಕೊಂಡು, ನಗುತ್ತ ಕುಡಿದು, "ಚೆನ್ನಾಗಿದೆ" ಅನ್ನತೊಡಗಿದಳು.

ಒಂದು ದಿನ ಮೇಸ್ತ್ರಿ ಬೇಕಂತಲೇ ಸೀದುಹೋದ ಸೊಪ್ಪನ್ನು ತಂದು ಕುದಿಸಿ ಕೊಟ್ಟ. ತಾನೇ ಒಂದು ಗುಟುಕು ಕುಡಿದು ಮುಖ ಕಿವುಚಿದ. ಅವಳು ಪೂರ್ತಿ ಲೋಟ ಮುಗಿಸಿ, "ಚೆನ್ನಾಗಿದೆ ರೀ" ಅಂದಳು.

"ಕಹಿಯಾದರೂ ಗೊತ್ತಾಗಲಿಲ್ವಾ?"

"ಕಹಿ ಗೊತ್ತಾಗುತ್ತೆ. ಸಿಹಿನೂ ಗೊತ್ತಾಗುತ್ತೆ. ಯಾವುದರ ಕಹಿ ಅನ್ನೋದು ಗೊತ್ತಾಗಲ್ಲ," ಅಂದಳು ಅವಳು, ದಾರ ಪೋಣಿಸುತ್ತ. ದಾರದ ತುದಿ ಕಚ್ಚಿ ತಾನೇ ಮುಂದುವರಿಸಿದಳು. "ಒಂದು ವಿಷಯ ಹೇಳ್ತೀನಿ, ನಗಬೇಡಿ. ಕನಸಲ್ಲಿ ಎಲ್ಲ ವಾಸನೆ ಬರುತ್ತೆ ರೀ. ನೀವು ಬಾಗಿಲು ತೆಗೀತೀರಿ, ನಿಮಗಿಂತ ಮುಂಚೆ ಚಹಾದ ವಾಸನೆ ಒಳಗೆ ಬರುತ್ತೆ. ಎದ್ದ ಮೇಲೆ ಬೇರೆ ಯಾರದೋ ಮನೇಲಿ ಇದ್ದ ಹಾಗಿರುತ್ತೆ."

ಮೇಸ್ತ್ರಿ ನಗಲಿಲ್ಲ. ಬೇರೆ ಯಾರದೋ ಮನೆ! ಗೋಡೆಗೆ ಸುಣ್ಣ ಬಳಿದವನು ತಾನು, ಕಿಟಕಿಗೆ ಪರದೆ ಹೊಲಿದವಳು ಅವಳು. ಕನಸಿನೊಳಗಿನ ಆ ಇನ್ನೊಬ್ಬ ಮೇಸ್ತ್ರಿಯ ಮೇಲೆ ಅವನಿಗೆ ಹೊಟ್ಟೆಕಿಚ್ಚು ಶುರುವಾಯಿತು. ಅವಳು ಇನ್ನೊಂದು ಸಲ, ಒಂದೇ ಒಂದು ಸಲ, ಎಚ್ಚರವಿದ್ದಾಗ ತನ್ನ ಚಹಾಕ್ಕೆ ಕೊಂಕು ತೆಗೆಯಬೇಕು. ಅವನಿಗೆ ಬೇಕಾಗಿದ್ದದ್ದು ಅಷ್ಟೇ. ಅದಕ್ಕಾಗಿ ಅವನು ಯಾರ ಕಾಲು ಹಿಡಿಯುವುದಕ್ಕೂ ತಯಾರಿದ್ದ, ಸ್ವಂತ ಅಕ್ಕನ ಕಾಲನ್ನೂ ಸೇರಿಸಿ.

ಅಕ್ಕನ ವಿಷಯ ಹೇಳಬೇಕು. ಇಬ್ಬರೂ ಒಂದೇ ಕಾರ್ಖಾನೆಯಲ್ಲಿದ್ದರು, ತಮ್ಮ ನೆಲಮಹಡಿಯಲ್ಲಿ, ಅಕ್ಕ ಅಟ್ಟದ ಮೇಲೆ. ಕೆಳಗೆ ಕಪ್ಪು ಚಹಾ, ಮೇಲೆ ಬಿಳಿ ಚಹಾ. ಹೀಗಾಗಿ ಜನ ಇವನನ್ನು ಕಡಕ್ ಮೇಸ್ತ್ರಿ ಅನ್ನುತ್ತಿದ್ದರು, ಅವಳನ್ನು ಬಿಳಿಯಕ್ಕ ಅನ್ನುತ್ತಿದ್ದರು. ಎರಡಕ್ಕೂ ಗಿಡ ಒಂದೇ, ಬೇರೆಯಾಗುವುದು ಕೊಯ್ಲಿನಿಂದ ಈಚೆಗೆ. ಎರಡೆಲೆ ಒಂದು ಮೊಗ್ಗು ಕಿತ್ತು ತಂದರೆ ಅದು ಕೆಳಗೆ ಬರುತ್ತದೆ. ಬಾಡಿಸಿ, ಯಂತ್ರಕ್ಕೆ ಹಾಕಿ, ರಸ ಒಸರುವ ತನಕ ಹೊಸೆದು, ತಣ್ಣನೆಯ ಕೋಣೆಯಲ್ಲಿ ಹರವಿ, ಅದು ಹಸಿರು ಬಿಟ್ಟು ತಾಮ್ರದ ಬಣ್ಣಕ್ಕೆ ತಿರುಗುವುದನ್ನು ಕಾದು, ಆಮೇಲೆ ಬಿಸಿಗಾಳಿಗೆ ಕೊಟ್ಟರೆ ಕಪ್ಪು ಚಹಾ. ಬಿಚ್ಚದ ಮೊಗ್ಗನ್ನು ಮಾತ್ರ, ಮೈಮೇಲಿನ ಬಿಳಿ ನವಿರು ಉದುರದ ಹಾಗೆ ಕಿತ್ತು ತಂದರೆ ಅದು ಅಟ್ಟಕ್ಕೆ ಹೋಗುತ್ತದೆ. ಅಲ್ಲಿ ಅದನ್ನು ಬಿದಿರಿನ ತಟ್ಟೆಗಳ ಮೇಲೆ ತೆಳ್ಳಗೆ ಹರವಿ ಸುಮ್ಮನೆ ಬಿಡುತ್ತಾರೆ. ಹೊಸೆಯುವುದಿಲ್ಲ, ಕೆದಕುವುದಿಲ್ಲ, ಮುಟ್ಟುವುದೂ ಇಲ್ಲ. ಗಾಳಿ ಬಂದು ನಿಧಾನವಾಗಿ ಒಣಗಿಸಬೇಕು. ಎಲ್ಲಾದರೂ ಒಂದು ಮೊಗ್ಗು ಜಜ್ಜಿದರೆ ಅಲ್ಲಿ ಕೆಂಪಗಾಗುತ್ತದೆ, ಬಿಳಿ ಚಹಾ ಅನ್ನುವ ಹೆಸರು ಅಲ್ಲಿಗೆ ಮುಗಿಯಿತು.

"ನೀನು ಸೊಪ್ಪಿಗೆ ಚಿತ್ರಹಿಂಸೆ ಕೊಟ್ಟು ಬಾಯಿ ಬಿಡಿಸ್ತೀಯ ಕಣೋ," ಅಂತ ಅಕ್ಕ ಅನ್ನುತ್ತಿದ್ದಳು.

"ನೀನು ಕೈ ಕಟ್ಟಿಕೊಂಡು ಕೂತು ಸಂಬಳ ತಗೋತೀಯ," ಅಂತ ಇವನು ಅನ್ನುತ್ತಿದ್ದ.

ಇಷ್ಟು ವರ್ಷದಲ್ಲಿ ಅವನು ಅಟ್ಟ ಹತ್ತಿರಲೇ ಇಲ್ಲ. ಬಿಳಿ ಚಹಾ ಅನ್ನುವುದು ಅವನ ದೃಷ್ಟಿಯಲ್ಲಿ ಬಿಸಿನೀರಿಗೆ ಇಟ್ಟ ದೊಡ್ಡ ಹೆಸರು. ಈಗ ಹೆಂಡತಿಗೋಸ್ಕರ, ತನ್ನ ಚಹಾದಿಂದ ಆಗದ್ದು ಅದರಿಂದಲಾದರೂ ಆದೀತೇನೋ ಅಂತ, ಬಾಲ ಮುದುರಿಕೊಂಡು ಮರದ ಮೆಟ್ಟಿಲು ಹತ್ತಿದ.

ಮೇಲೆ ಬಾಗಿಲು ತೆಗೆದರೆ ಬೇರೆಯೇ ಲೋಕ. ಕೆಳಗಿನ ಯಂತ್ರದ ಗದ್ದಲ ಪಾದಕ್ಕೆ ತಾಗುತ್ತಿತ್ತು, ಕಿವಿಗೆ ಕೇಳುತ್ತಿರಲಿಲ್ಲ. ಉದ್ದಕ್ಕೂ ತಟ್ಟೆಗಳು, ತಟ್ಟೆಗಳ ತುಂಬ ಮೊಗ್ಗು. ಮಾಡಿನ ಗಾಜಿನಿಂದ ಬಿಸಿಲಿನ ಕೋಲು ಇಳಿದಿತ್ತು, ಅದರೊಳಗೆ ಮೊಗ್ಗಿನ ಬಿಳಿ ನವಿರು ತೇಲುತ್ತ, ಎಲ್ಲಿಗೂ ಹೋಗುವ ಆತುರವಿಲ್ಲದೆ ಮೇಲೆ ಕೆಳಗೆ ಆಡುತ್ತಿತ್ತು. ಅಕ್ಕ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದಳು. ತಮ್ಮನನ್ನು ಕಂಡು ಬಾಯಿಯ ಮೇಲೆ ಬೆರಳಿಟ್ಟಳು. ಅವನೂ ಪಿಸುಮಾತಿನಲ್ಲೇ ಎಲ್ಲ ಹೇಳಿದ. ಹೇಳುವಾಗ ಕಣ್ಣು ಒರೆಸಿಕೊಂಡ. ಮೊಗ್ಗಿನ ನವಿರು ಬಿತ್ತು ಅಂತ ಸುಳ್ಳು ಹೇಳಿದ.

"ಭಾನುವಾರ ನಾನೇ ಬರ್ತೀನಿ. ನೀನು ಒಲೆ ಹತ್ತಿರ ಸುಳೀಬೇಡ," ಅಂದಳು ಅಕ್ಕ.

ಭಾನುವಾರ ಅಕ್ಕ ಬಂದಳು, ಒಂದು ಚಿಕ್ಕ ಡಬ್ಬಿ ಹಿಡಿದುಕೊಂಡು. ನೀರು ಕುದಿಯಿತು. ಮೇಸ್ತ್ರಿ ಅಭ್ಯಾಸ ಬಲದಿಂದ ಕೈ ಚಾಚಿದ, ಅಕ್ಕ ಫಟ್ಟನೆ ಹೊಡೆದಳು.

"ಇದು ನಿನ್ನ ಕರಿ ಚಹಾ ಅಲ್ಲ, ಕುದಿಯೋ ನೀರು ಸುರಿಯೋಕೆ. ಮೊಗ್ಗು ಬೆಂದುಹೋಗುತ್ತೆ. ಮೊದಲು ನೀರು ಸ್ವಲ್ಪ ಆರಲಿ."

"ಎಷ್ಟು ಹೊತ್ತು?"

"ನಿನ್ನ ತಾಳ್ಮೆ ಕೆಡೋ ತನಕ, ಆಮೇಲೆ ಇನ್ನೂ ಸ್ವಲ್ಪ ಹೊತ್ತು."

ನೀರು ಆರಿತು. ಮೊಗ್ಗುಗಳನ್ನು ಧಾರಾಳವಾಗಿ ಹಾಕಿದಳು, ಮುಚ್ಚಿಟ್ಟಳು. ಮೂವರೂ ಕಿಟಕಿಯ ಹತ್ತಿರ ಕೂತರು. ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಮೇಸ್ತ್ರಿಯ ಕೈಯಲ್ಲಾದರೆ ಇಷ್ಟರಲ್ಲಿ ಒಂದು ಸುತ್ತು ಚಹಾ ಕುಡಿದು ಲೋಟ ತೊಳೆದಿಟ್ಟಾಗಿರುತ್ತಿತ್ತು. ಕೊನೆಗೆ ಬಸಿದಾಗ ಬಂದದ್ದು ಎಳೆ ಬಿಸಿಲಿನ ಬಣ್ಣದ, ಇದೆಯೋ ಇಲ್ಲವೋ ಅನ್ನುವಂಥ ನೀರು. ಹಾಲಿಲ್ಲ, ಸಕ್ಕರೆಯಿಲ್ಲ. ಮೇಸ್ತ್ರಿ ಒಂದು ಗುಟುಕು ಕುಡಿದ. ಮೊದಲು ಏನೂ ತಿಳಿಯಲಿಲ್ಲ. ನುಂಗಿದ ಮೇಲೆ, ಇನ್ನೇನು ಮರೆತುಬಿಡಬೇಕು ಅನ್ನುವಾಗ, ಒಣಹುಲ್ಲಿನ ವಾಸನೆ, ಅದರ ಹಿಂದೆ ಎಲ್ಲೋ ಒಂದು ಹನಿ ಜೇನು. ಅಕ್ಕನ ಮೇಲೆ ಸಿಟ್ಟು ಬಂತು, ಇದು ಇಷ್ಟು ಚೆನ್ನಾಗಿದ್ದಿದ್ದಕ್ಕೆ.

ಅಕ್ಕ, ತಮ್ಮ ಇಬ್ಬರೂ ಅವನ ಹೆಂಡತಿಯ ಮುಖವನ್ನೇ ನೋಡಿದರು. ಅವಳು ಕಣ್ಣು ಮುಚ್ಚಿ ಕುಡಿದಳು, ಲೋಟವನ್ನು ಮೂಗಿನ ಹತ್ತಿರ ಹಿಡಿದು ತುಂಬ ಹೊತ್ತು ಕೂತಳು.

"ಗೊತ್ತಾಯ್ತಾ? ಏನಾದರೂ ಗೊತ್ತಾಯ್ತಾ?" ಮೇಸ್ತ್ರಿಗೆ ತಡೆಯಲಾಗಲಿಲ್ಲ.

"ಚೆನ್ನಾಗಿದೆ ಅತ್ತಿಗೆ," ಅಂದಳು ಅವಳು, ಮೇಸ್ತ್ರಿಯ ಕಡೆ ನೋಡದೆ.

ಅಕ್ಕನೂ ಪೆದ್ದಿಯಲ್ಲ. ಖಾಲಿ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು. ಮೆಟ್ಟಿಲ ಹತ್ತಿರ ತಮ್ಮನ ತೋಳು ಹಿಡಿದು ನಿಲ್ಲಿಸಿದಳು.

"ನೋಡೋ, ನೀನು ಅವಳನ್ನ ದಿನಾ ಹಿಂಡ್ತಾ ಇದ್ದೀಯ. ಗೊತ್ತಾಯ್ತಾ ಗೊತ್ತಾಯ್ತಾ ಅಂತ ಜೀವ ತಿಂತೀಯ. ಪಾಪ, ನಿನಗೆ ಬೇಜಾರಾಗಬಾರದು ಅಂತ ಅವಳು ಚೆನ್ನಾಗಿದೆ ಅಂತಾಳೆ. ನಾಲ್ಕು ದಿನ ಸುಮ್ಮನೆ ಬಿಡು ಅವಳನ್ನ."

"ಬಿಟ್ಟರೆ ಬರುತ್ತಾ?"

"ನನಗೇನು ಗೊತ್ತು! ಬಿಟ್ಟು ನೋಡು."

ಮೇಸ್ತ್ರಿ ಬಿಟ್ಟ. ಬಿಡುವುದು ಅಂದರೆ ಅವನಿಗೆ ಸುಲಭದ ಕೆಲಸವೇನಲ್ಲ. ಹುಟ್ಟಿದಾಗಿನಿಂದ ಅವನ ಕೈ ಒಂದು ಕಡೆ ನಿಂತದ್ದಿಲ್ಲ. ಪತ್ರಿಕೆ ಓದುವಾಗ ಅದರ ಮೂಲೆ ಹೊಸೆಯುತ್ತಾನೆ, ಬಸ್ಸಿಗೆ ಕಾಯುವಾಗ ಟಿಕೆಟ್ಟಿನ ಕಾಸು ಉಜ್ಜುತ್ತಾನೆ. ಆದರೂ ಬಾಯಿಗೆ ಬೀಗ ಹಾಕಿಕೊಂಡ. ಚಹಾ ಕೊಟ್ಟು ಬೇರೆ ಕಡೆ ನೋಡತೊಡಗಿದ. ಮನೆ ಪ್ರಶಾಂತವಾಯಿತು, ಆಸ್ಪತ್ರೆಯ ಮೊಗಸಾಲೆಯಷ್ಟು ಪ್ರಶಾಂತ. ಅವಳು ಹೊಲಿದಳು, ಅವನು ಕಿಟಕಿಯ ಹೊರಗೆ ನೋಡಿದ. ಇದಕ್ಕಿಂತ ಜಗಳವಾಡುವುದೇ ವಾಸಿ ಅನ್ನಿಸಿತು.

ಹೀಗಿರುವಾಗ ಒಂದು ಮಧ್ಯಾಹ್ನ ಹೊಸೆಯುವ ಯಂತ್ರ ಕೈಕೊಟ್ಟಿತು. ರಿಪೇರಿಯವರು ಬಂದು ಅದರ ಹೊಟ್ಟೆ ಬಿಚ್ಚಿ ಕೂತರು, ಮೇಸ್ತ್ರಿಗೆ ಕೆಲಸವಿಲ್ಲ. ಅದೇ ಹೊತ್ತಿಗೆ ಅಕ್ಕ ಕೆನ್ನೆ ಹಿಡಿದುಕೊಂಡು ಇಳಿದು ಬಂದಳು. ಬೆಳಗಿನಿಂದ ಹಲ್ಲುನೋವು, ಡಾಕ್ಟರ ಹತ್ತಿರ ಹೋಗಲೇಬೇಕು, ಅಟ್ಟ ನೋಡಿಕೊಳ್ಳಲು ಬೇರೆ ಯಾರೂ ಇಲ್ಲ.

"ಕಿಟಕಿಗೆ ಬಿಸಿಲು ಬಂದರೆ ಪರದೆ ಎಳಿ. ಗಾಳಿ ಜೋರಾದರೆ ಬಾಗಿಲು ಮುಚ್ಚು. ಅಷ್ಟೇ," ಅಂದಳು.

"ಮತ್ತೆ?"

"ಮತ್ತೆ ಏನೂ ಇಲ್ಲ. ಏನೂ ಮಾಡದೇ ಇರೋದೇ ಕೆಲಸ. ಮುಟ್ಟಿದರೆ ನೋಡು, ನಿನ್ನ ಮುಖ ನೋಡಲ್ಲ ನಾನು."

ಮೇಸ್ತ್ರಿ ಸ್ಟೂಲಿನ ಮೇಲೆ ಕೂತ. ಕಂಕುಳಲ್ಲಿ ಎರಡೂ ಕೈ ಸಿಕ್ಕಿಸಿಕೊಂಡ. ಬಿಸಿಲಿನ ಕೋಲು ನಿಧಾನವಾಗಿ ನೆಲದ ಮೇಲೆ ಜರುಗುತ್ತಿತ್ತು. ಯಂತ್ರವೂ ನಿಂತಿದ್ದರಿಂದ ಇವತ್ತು ಪಾದದಡಿಯ ಗದ್ದಲವೂ ಇಲ್ಲ. ಮೊಗ್ಗುಗಳು ಒಣಗುವ ಸದ್ದು ಕೇಳುತ್ತಿದೆ ಅನ್ನಿಸಿತು, ಹಾಗೊಂದು ಸದ್ದು ಇರುವುದಕ್ಕೆ ಸಾಧ್ಯವೇ ಇಲ್ಲದಿದ್ದರೂ. ತಟ್ಟೆ ಯಾವುದು, ಅದರ ಮೇಲೆ ಬಿದ್ದ ಬೆಳಕು ಯಾವುದು ಅನ್ನುವುದು ಕ್ರಮೇಣ ಕಲಸಿಹೋಯಿತು. ಬಿಳಿ ನವಿರು ಅವನ ರೆಪ್ಪೆಯ ಮೇಲೆ ಬಂದು ಕೂತಿತು. ಒಂದು ಕ್ಷಣ ಕಣ್ಣು ಮುಚ್ಚಿದರೆ ಯಾರ ಗಂಟು ಹೋಗುತ್ತದೆ ಅಂದುಕೊಂಡ.

ಅವನಿಗೆ ಬಿದ್ದ ಕನಸಿನಲ್ಲಿ ಹೆಂಡತಿಗೆ ಮತ್ತೆ ಜ್ವರ. ಅದೇ ಹಾಸಿಗೆ, ಅದೇ ಹಸಿರು ಹೊದಿಕೆ. ಆದರೆ ಹಾಸಿಗೆಯಿದ್ದದ್ದು ಈ ಅಟ್ಟದಲ್ಲಿ, ಸುತ್ತ ಹಿಮದಂತೆ ನವಿರು ಉದುರುತ್ತಿತ್ತು. ಅವಳ ಕೈ ಮಂಜುಗಡ್ಡೆಯಾಗಿತ್ತು. ಅವನು ಆ ಎರಡೂ ಕೈಗಳನ್ನು ತನ್ನ ಅಂಗೈಗಳ ನಡುವೆ ಇಟ್ಟುಕೊಂಡು ಉಜ್ಜಿದ. ನಿಜವಾದ ಜ್ವರದಲ್ಲೂ ಹೀಗೇ ಉಜ್ಜಿದ್ದ, ಬೆಳಗಾಗುವ ತನಕ. "ಬಿಸಿಯಾಯ್ತಾ?" ಅಂತ ಕೇಳಿದ. "ಇನ್ನೂ ಇಲ್ಲ ರೀ," ಅಂದಳು. ಇನ್ನೂ ಜೋರಾಗಿ ಉಜ್ಜಿದ. ಅವಳು ಕಣ್ಣು ಬಿಟ್ಟು, "ನಿಮ್ಮ ಅಂಗಿ ಎಷ್ಟು ಘಮ್ ಅಂತಿದೆ," ಅಂದಳು. ಅವನಿಗೆ ಅಳು ಒತ್ತಿ ಬಂತು. ಅಬ್ಬಾ, ಕನಸಿನೊಳಗಿನ ಮೇಸ್ತ್ರಿ ಕೊನೆಗೂ ತಾನೇ ಆಗಿದ್ದೆನಲ್ಲ ಅಂತ ಎಷ್ಟು ಸುಖವಾಯಿತು ಅವನಿಗೆ!

ಎಚ್ಚರವಾದಾಗ ಅವನು ಸ್ಟೂಲಿನ ಮೇಲೆ ಇರಲಿಲ್ಲ. ಕಿಟಕಿಯ ಪಕ್ಕದ ತಟ್ಟೆಯ ಮುಂದೆ ಮಂಡಿಯೂರಿ ಕೂತಿದ್ದ. ಅಂಗೈಗಳು ಒದ್ದೆಯಾಗಿದ್ದವು. ಇಡೀ ತಟ್ಟೆಯ ಮೊಗ್ಗು ಹೊಸೆದು, ಜಜ್ಜಿ, ಅಂಚಿನಲ್ಲಿ ಆಗಲೇ ಕೆಂಪಾಗುತ್ತಿತ್ತು. ಅವನು ತನ್ನ ಕೈಗಳನ್ನು ಬೇರೆ ಯಾರದೋ ಕೈ ನೋಡುವಂತೆ ನೋಡಿದ.

ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಕೆನ್ನೆ ಬಾತಿತ್ತು. ಮಾತಾಡಲು ಆಗದ ಬಾಯಿಂದಲೇ ಬೈದಳು.

"ದರಿದ್ರದವನೇ! ಒಂದೇ ಒಂದು ಮಾತು ಹೇಳಿ ಹೋಗಿದ್ದೆ ನಾನು. ಒಂದೇ ಒಂದು!"

"ಅಕ್ಕಾ, ಕನಸು ಬಿತ್ತು ಕಣೇ," ಅಂದ ಮೇಸ್ತ್ರಿ. "ಅವಳ ಕೈ ತಣ್ಣಗಾಗಿತ್ತು."

ಅಕ್ಕ ಕೈಯಲ್ಲಿದ್ದ ಚೀಲವನ್ನು ಬಾಗಿಲಲ್ಲೇ ಇಟ್ಟಳು. ಸೀದಾ ಬಂದು ತಮ್ಮನ ಅಂಗೈ ಬಿಡಿಸಿ, ಅಂಟಿಕೊಂಡ ಮೊಗ್ಗುಗಳನ್ನು ಒಂದೊಂದೇ ಬಿಡಿಸಿ ತಟ್ಟೆಗೆ ಹಾಕಿದಳು. ಅವಳ ಕಣ್ಣಲ್ಲಿ ನೀರಿತ್ತು, ಹಲ್ಲುನೋವಿಗೆ ಅಂತ ಇಟ್ಟುಕೊಳ್ಳೋಣ.

"ಇದು ಇನ್ನು ನನ್ನದೂ ಅಲ್ಲ, ನಿನ್ನದೂ ಅಲ್ಲ," ಅಂದಳು. "ಕರಿ ಚಹಾ ಆಗೋಕೆ ಎಲೆಯಿಲ್ಲ, ಬಿಳಿ ಚಹಾ ಆಗೋಕೆ ನೀನು ಬಿಡಲಿಲ್ಲ. ಮಾಲೀಕರಿಗೆ ನಾನು ಏನೋ ಒಂದು ಹೇಳ್ಕೋತೀನಿ. ತಗೊಂಡು ಹೋಗು, ನನ್ನ ಕಣ್ಣಿಗೆ ಬೀಳೋದು ಬೇಡ."

ಮೇಸ್ತ್ರಿ ಅದನ್ನು ಎಸೆಯಲಿಲ್ಲ. ಅಷ್ಟು ಮೊಗ್ಗು ಕಿತ್ತವರ ಬೆರಳು ನೆನೆದು ಮನಸ್ಸು ಬರಲಿಲ್ಲ. ಕೆಳಗೆ ಒಯ್ದು ಸ್ವಲ್ಪ ಹೊತ್ತು ಕಾಯ್ದು, ತನಗೆ ತಿಳಿದ ಹಾಗೆ ಬಿಸಿಗಾಳಿಗೆ ಕೊಟ್ಟು, ಕಾಗದದಲ್ಲಿ ಕಟ್ಟಿ ಮನೆಗೆ ತಂದ.

ಸಂಜೆ ಬೆಳಕಿತ್ತು. ಹೆಂಡತಿ ಒಂದು ಚಿಕ್ಕ ಅಂಗಿಗೆ ಕಾಲರು ಕೂಡಿಸುತ್ತಿದ್ದಳು. ಮೇಸ್ತ್ರಿ ಅವಳಿಗೆ ದಿನದ ಚಹಾ ಮಾಡಿಕೊಟ್ಟ, ಏನೂ ಕೇಳಲಿಲ್ಲ. ಅವಳು, "ಚೆನ್ನಾಗಿದೆ," ಅಂದಳು. ಅವನು ಹೂಂಗುಟ್ಟಿದ. ಆಮೇಲೆ ತನ್ನ ಪಾಲಿಗೆ, ಮಾಡಿದ್ದುಣ್ಣಬೇಕಲ್ಲ ಅಂತ, ಕಾಗದದ ಪೊಟ್ಟಣ ಬಿಚ್ಚಿ ಆ ಕೆಟ್ಟ ಮೊಗ್ಗನ್ನು ಹಾಕಿಕೊಂಡ. ಇದಕ್ಕೆ ಕುದಿಯುವ ನೀರೋ ಆರಿದ ನೀರೋ ಅನ್ನುವುದೂ ತಿಳಿಯದೆ, ಎರಡಕ್ಕೂ ನಡುವಿನದನ್ನು ಸುರಿದ. ಲೋಟ ಹಿಡಿದು ಕಿಟಕಿಯ ಹತ್ತಿರ ಬೆನ್ನು ಮಾಡಿ ಕೂತ.

ಹೊಲಿಗೆ ಯಂತ್ರ ನಿಂತಿತು.

"ಏನ್ರಿ ಅದು?"

"ಏನಿಲ್ಲ. ನನಗೆ."

"ಇಲ್ಲಿ ಕೊಡಿ."

"ಬೇಡ ಕಣೇ, ಕೆಟ್ಟುಹೋಗಿರೋದು."

ಅವಳು ಎದ್ದು ಬಂದಳು. ಭುಜದ ಮೇಲೆ ಅಳತೆಯ ಟೇಪು ನೇತಾಡುತ್ತಿತ್ತು. ಅವನ ಕೈಯಿಂದ ಲೋಟ ಇಸಿದುಕೊಂಡು ಮೂಸಿದಳು. ಹುಬ್ಬು ಗಂಟಾಯಿತು. ಒಂದು ಗುಟುಕು ಕುಡಿದಳು. ಮೇಸ್ತ್ರಿ ಬೇರೆ ಕಡೆ ನೋಡುತ್ತಿದ್ದ. ಕೇಳಬಾರದು ಅಂತ ನಾಲಿಗೆ ಕಚ್ಚಿಕೊಂಡಿದ್ದ, ಯಾವ ಆಸೆಯನ್ನೂ ಇಟ್ಟುಕೊಂಡಿರಲಿಲ್ಲ.

"ಥೂ!" ಅಂದಳು ಅವಳು.

ಅವನು ತಿರುಗಿದ.

"ಇದೇನ್ರಿ ಇದು, ಥೂ! ಮೊದಲು ಒಣಹುಲ್ಲು, ಸರಿ ಅನ್ನೋಷ್ಟರಲ್ಲಿ ಒದ್ದೆ ಮರ. ಯಾರೋ ಜಜ್ಜಿ ಜಜ್ಜಿ ಅರ್ಧಕ್ಕೆ ಬಿಟ್ಟಿದ್ದಾರೆ. ಯಾವ ಪುಣ್ಯಾತ್ಮ ಮಾಡಿದ್ದು ಇದನ್ನ?" ಅವಳು ಲೋಟದೊಳಗೆ ಇಣುಕಿದಳು, ಇನ್ನೊಂದು ಗುಟುಕು ಕುಡಿದು ಇನ್ನೂ ಕೆಟ್ಟದಾಗಿ ಮುಖ ಮಾಡಿದಳು. "ಬಿಸಿಗಾಳಿಗೂ ತಡವಾಗಿ ಕೊಟ್ಟಿದ್ದಾರೆ. ಹುಳಿ ಹತ್ತಿದೆ. ಹೀಗೂ ಯಾರಾದರೂ ಚಹಾ ಕೆಡಿಸ್ತಾರಾ?"

ಹೇಳುತ್ತ ಹೇಳುತ್ತ ಅವಳ ಮಾತು ನಿಧಾನವಾಯಿತು. ತಾನು ಏನು ಹೇಳುತ್ತಿದ್ದೇನೆ ಅನ್ನುವುದು ಅವಳ ಕಿವಿಗೆ ಆಗ ಬಿತ್ತು. ಲೋಟವನ್ನು ಇನ್ನೊಂದು ಸಲ ಮೂಸಿದಳು. ಗಂಡನ ಮುಖ ನೋಡಿದಳು. ಮೇಸ್ತ್ರಿ ಗೋಡೆಗೆ ಒರಗಿ ಚಿಕ್ಕ ಮಕ್ಕಳ ಹಾಗೆ ಅಳುತ್ತಿದ್ದ, ಮೂಗು ಒರೆಸಿಕೊಳ್ಳುವುದಕ್ಕೂ ಅವನಿಗೆ ಪುರುಸೊತ್ತಿರಲಿಲ್ಲ.

"ನಾನೇ ಮಾಡಿದ್ದು," ಅಂದ. "ಇನ್ನೂ ಹೇಳು."